ಉಳಿಸಿಟ್ಟ ಕಾರ್ಡು, ಮರೆತ ಒಪ್ಪಿಗೆ

ನಮ್ಮ ಹಿರಿಯರ ಕಾಲದಲ್ಲಿ ಸಂಸಾರದ ಹಣ ಎಲ್ಲೆಲ್ಲಿ ಇದೆ, ಯಾರು ಯಾರಿಗೆ ಸಲ್ಲಬೇಕಾಗಿದೆ ಎಂಬುದನ್ನು ತಿಳಿಯುವುದು ಕಷ್ಟವಾಗಿರಲಿಲ್ಲ. ಪೆಟ್ಟಿಗೆಯಲ್ಲಿ ಇಷ್ಟು, ಅಂಚೆ ಕಚೇರಿಯಲ್ಲಿ ಇಷ್ಟು, ಅಂಗಡಿಯವನ ಉದ್ದರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಬರೆದಿರುವುದು ಇಷ್ಟು ಎಂದು ಮನೆಯ ಯಜಮಾನ ಬೆರಳು ಮಡಿಸಿ ಹೇಳಬಲ್ಲವನಾಗಿದ್ದ. ಇಂದಿನ ಯಾವುದಾದರೊಂದು ಸಂಸಾರವನ್ನು ಕೇಳಿ ನೋಡಿರಿ: ನಿಮ್ಮ ಬ್ಯಾಂಕಿನ ಕಾರ್ಡನ್ನು ಎಷ್ಟು ಕಡೆ ಉಳಿಸಿ ಬಂದಿದ್ದೀರಿ? ಪುಸ್ತಕ ಕೊಂಡ ಕಡೆ ಒಂದು, ರೈಲಿನ ಟಿಕೆಟ್ಟು ಕಾದಿರಿಸಿದ ಕಡೆ ಒಂದು, ಊಟ ತರಿಸಿದ ಕಡೆ ಒಂದು, ಸಿನಿಮಾ ನೋಡುವ ಚಂದಾಕ್ಕೆ ಒಂದು, ಮಗನ ಪರೀಕ್ಷೆಯ ಪಾಠಗಳಿಗೆ ಒಂದು. ಇಷ್ಟು ಹೇಳುವ ಹೊತ್ತಿಗೆ ನೆನಪು ನಿಂತುಹೋಗುತ್ತದೆ. ಉಳಿದುವನ್ನು ಬಲ್ಲವರು ಆ ಅಂಗಡಿಗಳವರೇ ಹೊರತು ಕಾರ್ಡಿನ ಒಡೆಯರಲ್ಲ.

ಕಾರ್ಡನ್ನು ಹೀಗೆ ಉಳಿಸಿಡುವುದು ಸೌಕರ್ಯದ ಸಣ್ಣ ಸಂಗತಿ ಎಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಅದು ನಮ್ಮ ಹಣವನ್ನು ಕೇಳುವ ಒಪ್ಪಿಗೆಯನ್ನು ಒಬ್ಬರಲ್ಲಿ ಬರೆದಿಟ್ಟು ಬರುವ ಕಾರ್ಯ. ಕೊಟ್ಟ ಸಾಲವನ್ನು ಬರೆದಿಡುವ ನಾವು ಕೊಟ್ಟ ಒಪ್ಪಿಗೆಯನ್ನು ಬರೆದಿಡುವುದಿಲ್ಲ. ಬರೆದಿಡಬೇಕು; ವರ್ಷಕ್ಕೊಮ್ಮೆಯಾದರೂ ಎಣಿಸಿ ನೋಡಬೇಕು; ಬೇಡವಾದುವನ್ನು ಹಿಂದಕ್ಕೆ ಪಡೆಯಬೇಕು. ಇದರಲ್ಲಿ ಬ್ಯಾಂಕುಗಳ ಪಾಲಿನ ಕರ್ತವ್ಯವೂ ಉಂಟು. ಇಷ್ಟೇ ಈ ಲೇಖನದ ವಾದ. ಆದರೆ ಈ ವಾದದ ಬಲ ತಿಳಿಯಬೇಕಾದರೆ ಕಾರ್ಡಿನ ಮೇಲಿನ ಅಂಕಿಗಳು ಏನು, ಅವು ಉಳಿಯುವುದು ಹೇಗೆ ಎಂಬುದನ್ನು ಮೊದಲು ವಿಚಾರಿಸಬೇಕು.

ನಮ್ಮಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಕಾರ್ಡುಗಳ ಮೇಲೆ 16 ಅಂಕಿಗಳಿರುತ್ತವೆ. ಮೊದಲಿನ ಆರು ಅಥವಾ ಎಂಟು ಅಂಕಿಗಳು ಕಾರ್ಡನ್ನು ಕೊಟ್ಟ ಸಂಸ್ಥೆಯನ್ನು ಸೂಚಿಸುತ್ತವೆ. ಮುಂದಿನವು ಗ್ರಾಹಕನ ಖಾತೆಗೆ ಸಂಬಂಧಿಸಿದುವು. ಕಟ್ಟಕಡೆಯ ಒಂದು ಅಂಕಿ ಮಾತ್ರ ಬೇರೆ ಜಾತಿಯದು. ಅದು ಉಳಿದ ಅಂಕಿಗಳು ಸರಿಯಾಗಿವೆಯೇ ಎಂದು ನೋಡುವ ಪರೀಕ್ಷಾ ಅಂಕಿ. ಈ ಪರೀಕ್ಷೆಯ ಸೂತ್ರವನ್ನು ರೂಪಿಸಿದವನು ಐಬಿಎಂ ಸಂಸ್ಥೆಯಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್. ಅವನು 1954ರಲ್ಲಿ ಅರ್ಜಿ ಸಲ್ಲಿಸಿದ ಪೇಟೆಂಟು 1960ರಲ್ಲಿ ದೊರೆಯಿತು.

ಸೂತ್ರ ಸುಲಭವಾದುದು, ಕಾಗದ, ಪೆನ್ಸಿಲು ಇದ್ದರೆ ಸಾಕು. ಉದಾಹರಣೆಗೆ 24715385 ಎಂಬ ಎಂಟು ಅಂಕಿಗಳ ಕಲ್ಪಿತ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಬಲಗಡೆಯಿಂದ ಎಣಿಸುತ್ತ ಎರಡನೆಯ, ನಾಲ್ಕನೆಯ, ಆರನೆಯ, ಎಂಟನೆಯ ಅಂಕಿಗಳನ್ನು ಇಮ್ಮಡಿಸಬೇಕು. ಇಮ್ಮಡಿಸಿದಾಗ ಬಂದುದು 9ಕ್ಕಿಂತ ಹೆಚ್ಚಾದರೆ ಅದರಿಂದ 9ನ್ನು ಕಳೆಯಬೇಕು. ಆಗ 8 ಎಂಬುದು 7 ಆಗುತ್ತದೆ, 5 ಎಂಬುದು 1 ಆಗುತ್ತದೆ, 7 ಎಂಬುದು 5 ಆಗುತ್ತದೆ, 2 ಎಂಬುದು 4 ಆಗುತ್ತದೆ. ಇವನ್ನೂ ಮುಟ್ಟದೆ ಬಿಟ್ಟ 5, 3, 1, 4 ಎಂಬ ಅಂಕಿಗಳನ್ನೂ ಕೂಡಿದರೆ ಮೊತ್ತ 30. ಮೊತ್ತ ಹತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಸಂಖ್ಯೆ ಪರೀಕ್ಷೆಯಲ್ಲಿ ಗೆದ್ದಿತು. ಬರೆಯುವವನು ಕೈತಪ್ಪಿ 3ರ ಬದಲು 6 ಎಂದು ಬರೆದಿದ್ದರೆ ಮೊತ್ತ 33 ಆಗುತ್ತಿತ್ತು. 3 ಮತ್ತು 8ನ್ನು ಹಿಂದು ಮುಂದು ಮಾಡಿದ್ದರೆ 34 ಆಗುತ್ತಿತ್ತು. ಯಂತ್ರ ತಪ್ಪನ್ನು ಒಡನೆಯೇ ಕಂಡುಹಿಡಿಯುತ್ತಿತ್ತು. ಯಾವುದೇ ಒಂದು ಅಂಕಿಯ ತಪ್ಪು ಈ ಜಾಲರಿಯಿಂದ ತಪ್ಪಿಸಿಕೊಳ್ಳಲಾರದು. ಪಕ್ಕಪಕ್ಕದ ಅಂಕಿಗಳ ಅದಲು ಬದಲಿನಲ್ಲಿ 09 ಮತ್ತು 90 ಎಂಬ ಒಂದು ಜೋಡಿ ಮಾತ್ರ ನುಸುಳಬಲ್ಲುದು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಕಾವಲು ಇರುವುದು ಮರೆವಿಗೆ, ಕೈತಪ್ಪಿಗೆ, ಕಳ್ಳನಿಗಲ್ಲ. ಸೂತ್ರ ಎಲ್ಲರಿಗೂ ಗೊತ್ತಿದೆ. ಸಂಖ್ಯೆಯಂತೂ ಕಾರ್ಡಿನ ಮೇಲೆಯೇ ಅಚ್ಚಾಗಿದೆ. ಅಂಗಡಿಯವನೂ ನೋಡುತ್ತಾನೆ, ಹೋಟೆಲಿನ ಮಾಣಿಯೂ ನೋಡುತ್ತಾನೆ. ಮನೆಯ ವಿಳಾಸದಂತೆ ಬಹಿರಂಗವಾದ ಒಂದು ಸಂಖ್ಯೆಯನ್ನು ಬೀಗದ ಕೈಯಂತೆ ಗುಟ್ಟಾಗಿಡಬೇಕೆಂದು ಜನರಿಗೆ ಹೇಳಲಾಯಿತು. ವಿಳಾಸವೂ ಬೀಗದ ಕೈಯೂ ಒಂದೇ ಆದ ಮನೆಯಲ್ಲಿ ನೆಮ್ಮದಿ ಎಲ್ಲಿಂದ ಬರಬೇಕು? ಕಾರ್ಡಿನ ವ್ಯವಹಾರದ ಹಲವು ಕೇಡುಗಳ ಮೂಲ ಇಲ್ಲಿದೆ.

ಅಂತರ್ಜಾಲದ ವ್ಯಾಪಾರ ಬೆಳೆದಂತೆ ಈ ಸಂಖ್ಯೆಯನ್ನು ಅಂಗಡಿಗಳೇ ಇಟ್ಟುಕೊಳ್ಳತೊಡಗಿದುವು. ಅಮೆರಿಕದ ಅಮೆಜಾನ್ ಸಂಸ್ಥೆ ಒಂದೇ ಒತ್ತಿನಲ್ಲಿ ಕೊಳ್ಳುವ ತನ್ನ ವಿಧಾನಕ್ಕೆ 1999ರಲ್ಲಿ ಪೇಟೆಂಟು ಪಡೆಯಿತು. ಗ್ರಾಹಕನ ವಿಳಾಸ, ಕಾರ್ಡಿನ ವಿವರ ಎಲ್ಲವೂ ಮೊದಲೇ ಅಂಗಡಿಯಲ್ಲಿದ್ದರೆ ಅವನು ಒಮ್ಮೆ ಒತ್ತಿದರೆ ಸಾಕು, ವ್ಯಾಪಾರ ಮುಗಿಯಿತು. ಇದರ ಮರ್ಮವನ್ನು ವ್ಯಾಪಾರಿಗಳೆಲ್ಲ ಬೇಗನೆ ಅರಿತರು. ಚೀಲದಿಂದ ಕಾರ್ಡು ತೆಗೆದು, 16 ಅಂಕಿಗಳನ್ನು ಓದಿ ಬರೆಯುವಷ್ಟರಲ್ಲಿ ಕೊಳ್ಳುವವನಿಗೆ ಒಂದು ಆಲೋಚನೆ ಬರಬಹುದು: ಈ ವಸ್ತು ನನಗೆ ನಿಜವಾಗಿ ಬೇಕೆ? ಆ ಆಲೋಚನೆಗೆ ಅವಕಾಶ ಕೊಡದಿರುವುದೇ ಉಳಿಸಿಟ್ಟ ಕಾರ್ಡಿನಿಂದ ವ್ಯಾಪಾರಿಗೆ ಆಗುವ ದೊಡ್ಡ ಲಾಭ. ಸೌಕರ್ಯ ಇಬ್ಬರಿಗೂ ಉಂಟು, ನಿಜ; ಆದರೆ ಅದರ ತಕ್ಕಡಿ ಒಂದು ಕಡೆಗೆ ಸ್ವಲ್ಪ ವಾಲಿದೆ ಎಂಬುದನ್ನು ಮರೆಯಬಾರದು.

ಅಂಗಡಿಗಳಲ್ಲಿ ರಾಶಿ ಬಿದ್ದ ಸಂಖ್ಯೆಗಳು ಕಳ್ಳರ ಕಣ್ಣಿಗೆ ಬೀಳದಿರಲಿಲ್ಲ. 2013ರ ಅಕ್ಟೋಬರಿನಲ್ಲಿ ಅಡೋಬಿ ಎಂಬ ಪ್ರಸಿದ್ಧ ಸಂಸ್ಥೆ ತನ್ನ ಸುಮಾರು 29 ಲಕ್ಷ ಗ್ರಾಹಕರ ವಿವರಗಳು ಕಳ್ಳರ ಪಾಲಾದುವೆಂದು ಪ್ರಕಟಿಸಿತು. ಗೂಢಲಿಪಿಯಲ್ಲಿ ಬರೆದಿಟ್ಟಿದ್ದ ಕಾರ್ಡಿನ ಸಂಖ್ಯೆಗಳೂ ಅವುಗಳಲ್ಲಿ ಸೇರಿದ್ದುವು. ನಮ್ಮ ಬೆಂಗಳೂರಿನ ಉದಾಹರಣೆಯೂ ಒಂದಿದೆ. ಜಸ್‌ಪೇ ಎಂಬ ಸಂಸ್ಥೆ ಅನೇಕ ಅಂತರ್ಜಾಲ ಅಂಗಡಿಗಳ ಪರವಾಗಿ ಹಣ ಸಂದಾಯದ ಕೆಲಸವನ್ನು ನಡೆಸಿಕೊಡುತ್ತದೆ. 2020ರ ಆಗಸ್ಟಿನಲ್ಲಿ ಅದರ ಗಣಕಗಳಿಗೆ ಕನ್ನ ಬಿದ್ದಿತು. ಸಂಗತಿ 2021ರ ಜನವರಿಯಲ್ಲಿ ಹೊರಬಂದಿತು. ಕಾರ್ಡುಗಳ ಪೂರ್ಣ ಸಂಖ್ಯೆ ಹೋಗಲಿಲ್ಲವೆಂದೂ, ನಡುವಣ ಅಂಕಿಗಳನ್ನು ಮರೆಮಾಡಿದ್ದ ಸುಮಾರು 3.5 ಕೋಟಿ ದಾಖಲೆಗಳು ಹೋದುವೆಂದೂ ಸಂಸ್ಥೆ ತಿಳಿಸಿತು. ಇದರಲ್ಲಿ ಕಲಿಯಬೇಕಾದ ಪಾಠ ಬೇರೆಯೇ ಇದೆ. ಆ ದಾಖಲೆಗಳ ಒಡೆಯರಲ್ಲಿ ಎಷ್ಟೋ ಮಂದಿ ಆ ಸಂಸ್ಥೆಯ ಹೆಸರನ್ನೇ ಕೇಳಿರಲಾರರು. ತಾವು ಕಂಡ ಅಂಗಡಿಯ ಹಿಂದೆ, ತಾವು ಕಾಣದ ಇನ್ನೊಂದು ಕೋಣೆಯಲ್ಲಿ ತಮ್ಮ ಕಾರ್ಡಿನ ಗುರುತು ಕುಳಿತಿತ್ತು ಎಂಬುದು ಅವರಿಗೆ ತಿಳಿಯುವ ಬಗೆ ಹೇಗೆ?

ನಮ್ಮ ರಿಸರ್ವ್ ಬ್ಯಾಂಕು ಈ ವಿಷಯದಲ್ಲಿ ಸುಮ್ಮನೆ ಕುಳಿತಿರಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಕಾರ್ಡನ್ನು ಕಣ್ಣಾರೆ ತೋರಿಸದೆ ನಡೆಸುವ ವ್ಯವಹಾರಕ್ಕೆ ಸಂಖ್ಯೆಯೊಂದೇ ಸಾಲದು, ಎರಡನೆಯ ಪ್ರಮಾಣವೂ ಬೇಕೆಂಬ ನಿಯಮ 2009ರ ಆಗಸ್ಟ್ 1ರಿಂದ ನಮ್ಮಲ್ಲಿ ಜಾರಿಗೆ ಬಂದಿತು. ಮೊಬೈಲಿಗೆ ಬರುವ ಒಟಿಪಿ ನಮಗೆ ಪರಿಚಿತವಾದುದು ಹೀಗೆ. ಅಮೆರಿಕದಂತಹ ದೇಶಗಳಲ್ಲಿ ಇಂತಹ ಸಾರ್ವತ್ರಿಕ ಕಟ್ಟಳೆ ಇರಲಿಲ್ಲ. ಅಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳು ಕಾರ್ಡಿನ ಸಂಖ್ಯೆಯಿಂದಲೇ ಹಣ ಸಂದಾಯವಾಗುವುದನ್ನು ಕಂಡು ಮೊದಲು ಆಶ್ಚರ್ಯಪಡುವುದುಂಟು. ಅನಂತರ, 2020ರ ಮಾರ್ಚಿಯಲ್ಲಿ ಹೊರಟ ಆಜ್ಞೆ ವ್ಯಾಪಾರಿಗಳು ಕಾರ್ಡಿನ ವಿವರವನ್ನು ಇಟ್ಟುಕೊಳ್ಳಬಾರದೆಂದು ಹೇಳಿತು. 2021ರ ಸೆಪ್ಟೆಂಬರ್ 7ರ ಸುತ್ತೋಲೆ ಅದಕ್ಕೆ ಬದಲಿ ದಾರಿಯನ್ನೂ ತೋರಿಸಿತು. ಗಡುವು ಹಲವು ಬಾರಿ ಮುಂದಕ್ಕೆ ಹೋಗಿ, ಕೊನೆಗೆ 2022ರ ಅಕ್ಟೋಬರ್ 1ರಿಂದ ನಿಯಮ ಪೂರ್ಣವಾಗಿ ಆಚರಣೆಗೆ ಬಂದಿತು. ಕಾರ್ಡು ಕೊಟ್ಟ ಬ್ಯಾಂಕು ಮತ್ತು ಕಾರ್ಡಿನ ಜಾಲವನ್ನು ನಡೆಸುವ ಸಂಸ್ಥೆ, ಇವೆರಡನ್ನು ಬಿಟ್ಟು ನಡುವಣ ಯಾರೊಬ್ಬರೂ ನಿಜವಾದ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ಹಿಂದೆ ಇಟ್ಟುಕೊಂಡದ್ದನ್ನು ಅಳಿಸಿಹಾಕಬೇಕು. ಲೆಕ್ಕ ತಾಳೆ ನೋಡುವುದಕ್ಕಾಗಿ ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರು ಮಾತ್ರ ಉಳಿಯಬಹುದು.

ಬದಲಿಗೆ ಬಂದುದು ಟೋಕನ್. ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವಾಗ ಕಾವಲಿನವನು ಕೊಡುವ ತಗಡಿನ ಬಿಲ್ಲೆಯನ್ನು ನೀವೆಲ್ಲರೂ ಕಂಡಿದ್ದೀರಿ. ಬಿಲ್ಲೆಯ ಮೇಲಿನ ಸಂಖ್ಯೆಗೂ ಚಪ್ಪಲಿಯ ಅಳತೆಗೂ ಯಾವ ಸಂಬಂಧವೂ ಇಲ್ಲ. ಯಾವ ಬಿಲ್ಲೆಗೆ ಯಾವ ಗೂಡು ಎಂಬುದು ಆ ಕಾವಲಿನವನಿಗೆ ಮಾತ್ರ ಗೊತ್ತು. ಒಂದು ದೇವಸ್ಥಾನದ ಬಿಲ್ಲೆಯನ್ನು ಇನ್ನೊಂದು ದೇವಸ್ಥಾನದಲ್ಲಿ ತೋರಿಸಿದರೆ ನಕ್ಕು ಕಳಿಸುತ್ತಾರೆ. ಟೋಕನ್ ಎಂಬುದೂ ಇಂತಹದೇ. ನೋಡುವುದಕ್ಕೆ ಕಾರ್ಡಿನ ಸಂಖ್ಯೆಯಂತೆಯೇ ಇರುವ ಬೇರೊಂದು ಸಂಖ್ಯೆಯನ್ನು ಕಾರ್ಡಿನ ಜಾಲ ಸೃಷ್ಟಿಸಿ ಅಂಗಡಿಗೆ ಕೊಡುತ್ತದೆ. ಯಾವ ಟೋಕನ್ ಯಾವ ಕಾರ್ಡಿಗೆ ಎಂಬ ಪಟ್ಟಿ ಜಾಲದ ಭದ್ರವಾದ ಉಗ್ರಾಣದಲ್ಲಿ ಇರುತ್ತದೆ. ಒಂದೇ ಕಾರ್ಡಿಗೆ ಒಂದೊಂದು ಅಂಗಡಿಯಲ್ಲಿ ಒಂದೊಂದು ಟೋಕನ್. ಒಂದು ಅಂಗಡಿಗೆ ಕನ್ನ ಹಾಕಿ ಕದ್ದ ಟೋಕನ್ ಮತ್ತೊಂದು ಅಂಗಡಿಯಲ್ಲಿ ನಡೆಯದು.

ಗೂಢಲಿಪಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ವಿಜ್ಞಾನದ ವಿದ್ಯಾರ್ಥಿಗಳು ಚೆನ್ನಾಗಿ ತಿಳಿದುಕೊಳ್ಳಬೇಕು. ಗೂಢಲಿಪಿಯಲ್ಲಿ ಬರೆದುದಕ್ಕೂ ಮೂಲಕ್ಕೂ ಗಣಿತದ ನಂಟು ಉಂಟು. ಕೀಲಿ ಸಿಕ್ಕಿದರೆ ರಾಶಿಯೆಲ್ಲವೂ ತೆರೆಯುತ್ತದೆ. ಟೋಕನ್ನಿಗೂ ಕಾರ್ಡಿಗೂ ಅಂತಹ ನಂಟನ್ನು ಇಟ್ಟಿರುವುದಿಲ್ಲ. ಇಲ್ಲದ ಕೀಲಿಯನ್ನು ಯಾವ ಮಹಾಗಣಕವೂ ಹುಡುಕಲಾರದು. ತಪ್ಪನ್ನು ತಡೆಯಲು ಹುಟ್ಟಿದ ಸಂಖ್ಯೆಯ ಮೇಲೆ ಕಳ್ಳನನ್ನು ತಡೆಯುವ ಹೊರೆಯನ್ನು ಹೇರಿದ್ದ ಹಳೆಯ ದೋಷಕ್ಕೆ ಇದು ಮದ್ದು.

ಹಾಗಾದರೆ ಚಿಂತೆ ಏಕೆ? ಟೋಕನ್ ಬಂದ ಮೇಲೆ ಉಳಿಸಿಟ್ಟ ಕಾರ್ಡುಗಳನ್ನು ಹುಡುಕುತ್ತ ಕೂರುವುದು ವ್ಯರ್ಥ ಶ್ರಮವಲ್ಲವೆ ಎಂದು ಕೆಲವರು ಕೇಳಬಹುದು. ನಮ್ಮ ಉತ್ತರ ಇದು: ಟೋಕನ್ ಕಾಪಾಡುವುದು ಸಂಖ್ಯೆಯನ್ನು; ಒಪ್ಪಿಗೆಯನ್ನು ಕಾಪಾಡುವುದು ಅದರಿಂದ ಆಗದು. ಬಿಲ್ಲೆ ಎಷ್ಟೇ ಭದ್ರವಾಗಿರಲಿ, ಅದನ್ನು ಹಿಡಿದು ಬಂದವನಿಗೆ ಆ ದೇವಸ್ಥಾನದಲ್ಲಿ ಚಪ್ಪಲಿ ಸಿಕ್ಕಿಯೇ ಸಿಕ್ಕುತ್ತದೆ. ನಿಮ್ಮ ಖಾತೆಯ ಗುಪ್ತಪದ ಇನ್ನೊಬ್ಬನಿಗೆ ಸಿಕ್ಕಿದರೆ ಅವನು ಆ ಅಂಗಡಿಯ ಒಳಗೇ ನಿಂತಂತೆ. ಅಲ್ಲಿ ನಿಮ್ಮ ವಿಳಾಸ, ಮೊಬೈಲು ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಕೊಂಡ ವಸ್ತುಗಳ ಪಟ್ಟಿ ಎಲ್ಲವೂ ಅವನ ಕಣ್ಣೆದುರಿಗೆ ಇರುತ್ತವೆ. ಆಮೇಲೆ ಬ್ಯಾಂಕಿನವನೆಂದು ಹೇಳಿಕೊಂಡು ದೂರವಾಣಿಯಲ್ಲಿ ಮಾತನಾಡುವವನಿಗೆ ನಿಮ್ಮನ್ನು ನಂಬಿಸಲು, ನಂಬಿಸಿ ಒಟಿಪಿಯನ್ನು ಹೇಳಿಸಿಕೊಳ್ಳಲು ಇದಕ್ಕಿಂತ ಹೆಚ್ಚಿನ ಬಂಡವಾಳ ಬೇಕೆ?

ಎರಡನೆಯದಾಗಿ, ಕಳ್ಳನಿಲ್ಲದೆಯೂ ಹಣ ಹೋಗುವ ದಾರಿಯೊಂದಿದೆ. ಅದು ಚಂದಾ. ಒಂದು ತಿಂಗಳು ಉಚಿತ ಎಂಬ ಆಹ್ವಾನಕ್ಕೆ ಒಪ್ಪಿ ಕಾರ್ಡನ್ನು ಕೊಟ್ಟರೆ ಎರಡನೆಯ ತಿಂಗಳಿನಿಂದ ತಾನಾಗಿಯೇ ಹಣ ಸಂದಾಯವಾಗುತ್ತದೆ. ಇದಕ್ಕೂ ರಿಸರ್ವ್ ಬ್ಯಾಂಕು ಕಟ್ಟಳೆ ಮಾಡಿದೆ. 2019ರಲ್ಲಿ ಆರಂಭವಾಗಿ 2021ರ ಅಕ್ಟೋಬರಿನಿಂದ ಪೂರ್ತಿಯಾಗಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಮೊದಲ ಬಾರಿ ಒಟಿಪಿ ಕೊಟ್ಟು ಆದೇಶವನ್ನು ದಾಖಲು ಮಾಡಬೇಕು. ಆಮೇಲೆ ಪ್ರತಿ ಬಾರಿ ಹಣ ತೆಗೆಯುವುದಕ್ಕೆ 24 ಗಂಟೆ ಮೊದಲೇ ಗ್ರಾಹಕನಿಗೆ ಸೂಚನೆ ಹೋಗಬೇಕು. ಮಿತಿಯೊಳಗಿನ ಮೊತ್ತಕ್ಕೆ ಪುನಃ ಒಟಿಪಿ ಕೇಳುವುದಿಲ್ಲ. ಈ ಮಿತಿ ಮೊದಲು 2,000 ರೂಪಾಯಿ ಇದ್ದುದು 5,000ಕ್ಕೆ ಏರಿ, 2022ರ ಜೂನಿನಲ್ಲಿ 15,000 ರೂಪಾಯಿ ಆಯಿತು.

ಕಟ್ಟಳೆ ಒಳ್ಳೆಯದೇ. ಆದರೆ ಸೂಚನೆ ಹೋಗುವುದು ಎಲ್ಲಿಗೆ? ಬ್ಯಾಂಕಿನಲ್ಲಿ ದಾಖಲಾದ ಮೊಬೈಲಿಗೆ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ; ಕಾರ್ಡು ತರೀಕೆರೆಯಲ್ಲಿರುವ ತಂದೆಯದು. ಅವಳು ಪ್ರವೇಶ ಪರೀಕ್ಷೆಯ ಪಾಠಗಳಿಗೆ ಆ ಕಾರ್ಡನ್ನು ಕೊಟ್ಟಿರುತ್ತಾಳೆ, ಒಟಿಪಿಯನ್ನು ತಂದೆ ಫೋನಿನಲ್ಲಿ ಓದಿ ಹೇಳಿರುತ್ತಾನೆ. ಪರೀಕ್ಷೆ ಮುಗಿಯಿತು, ಫಲಿತಾಂಶ ಬಂದಿತು, ಪಾಠಗಳನ್ನು ತೆರೆದು ನೋಡುವವರಿಲ್ಲ. ತಿಂಗಳಿಗೊಮ್ಮೆ ಇಂಗ್ಲಿಷಿನ ಒಂದು ಸಂದೇಶ ತಂದೆಯ ಮೊಬೈಲಿಗೆ ಬರುತ್ತದೆ. ನೂರು ಜಾಹೀರಾತುಗಳ ನಡುವೆ ಅದೂ ಒಂದಾಗಿ ಮುಳುಗುತ್ತದೆ. ತಂದೆಗೆ ಅದು ಏನೆಂದು ತಿಳಿಯದು. ಮಗಳಿಗೆ ಅದು ಬಂದುದೇ ತಿಳಿಯದು. ತಿಂಗಳಿಗೆ 149 ರೂಪಾಯಿ ಎಂದರೆ ವರ್ಷಕ್ಕೆ 1,788 ರೂಪಾಯಿ. ಇಂತಹವು ಮೂರು ಇದ್ದರೆ 5,364 ರೂಪಾಯಿ. ಇಲ್ಲಿ ಯಾರೂ ಕದಿಯಲಿಲ್ಲ, ಯಾವ ನಿಯಮವೂ ಮುರಿಯಲಿಲ್ಲ. ಆದರೂ ಅಡಕೆಯ ತೋಟದಲ್ಲಿ ದುಡಿದ ಒಬ್ಬನ ಹಣ ಯಾರಿಗೂ ಬೇಡವಾದ ಒಂದು ವಸ್ತುವಿಗೆ ಹನಿ ಹನಿಯಾಗಿ ಹರಿದುಹೋಯಿತು.

ಇಲ್ಲಿ ಮರೆವನ್ನು ಮಾತ್ರ ದೂರುವುದು ನ್ಯಾಯವಾಗದು. ಕಾರ್ಡನ್ನು ಉಳಿಸುವುದಕ್ಕೆ ಒಂದು ಗುರುತು ಸಾಕು; ಎಷ್ಟೋ ಕಡೆ ಅದನ್ನು ತೆಗೆಯುವುದಕ್ಕೆ ಐದಾರು ಪುಟಗಳನ್ನು ದಾಟಬೇಕು. ಚಂದಾಕ್ಕೆ ಸೇರುವ ಬಾಗಿಲು ರಾಜಬೀದಿಯಲ್ಲಿದೆ, ಹೊರಡುವ ಬಾಗಿಲು ಹಿತ್ತಿಲಿನಲ್ಲಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿದೆ. ಚಂದಾದ ಬಲೆ ಅವುಗಳಲ್ಲಿ ಒಂದು. ಸರ್ಕಾರವೇ ಬಲೆ ಎಂದು ಕರೆದುದನ್ನು ನಾವು ನಮ್ಮ ಸೋಮಾರಿತನವೆಂದು ಮಾತ್ರ ತಿಳಿದು ಸುಮ್ಮನಿರಬೇಕಾಗಿಲ್ಲ.

ಇನ್ನು ಕೆಲವರು ಇದರ ವಿರುದ್ಧ ತುದಿಗೆ ಹೋಗಿ, ಎಲ್ಲಿಯೂ ಕಾರ್ಡನ್ನು ಉಳಿಸಲೇಬಾರದು ಎನ್ನುತ್ತಾರೆ. ಇದನ್ನೂ ಒಪ್ಪುವುದು ಕಷ್ಟ. ಪ್ರತಿ ಬಾರಿಯೂ ಸಂಖ್ಯೆಯನ್ನು ಬರೆಯುವವನು ಪ್ರತಿ ಬಾರಿಯೂ ನಿಜವಾದ ಸಂಖ್ಯೆಯನ್ನೇ ಹೊರಕ್ಕೆ ತೆಗೆಯುತ್ತಾನೆ. ಪುಟ ನಕಲಿಯಾಗಿದ್ದರೆ, ಅಥವಾ ಗಣಕದಲ್ಲಿ ಬೇಹಿನ ತಂತ್ರಾಂಶ ಅವಿತಿದ್ದರೆ, ಅಂಕಿಗಳು ಆ ಕ್ಷಣದಲ್ಲಿಯೇ ಹೋದುವು. ಪದೇ ಪದೇ ವ್ಯವಹರಿಸುವ, ನಂಬಿಕೆಗೆ ಅರ್ಹವಾದ ಒಂದೆರಡು ಕಡೆ ಟೋಕನ್ ಇರುವುದು ಬರೆಯುವುದಕ್ಕಿಂತ ಕ್ಷೇಮ. ಆದುದರಿಂದ ಉಳಿಸುವುದೋ ಬಿಡುವುದೋ ಎಂಬುದಕ್ಕಿಂತ, ಉಳಿಸಿದುದನ್ನು ನಾವು ಬಲ್ಲೆವೋ ಇಲ್ಲವೋ ಎಂಬುದೇ ಮುಖ್ಯವಾದ ಪ್ರಶ್ನೆ.

ಬಲ್ಲವರಾಗಲು ಬೇಕಾದುದು ಒಂದು ಸಂಜೆಯ ಕೆಲಸ. ಹುಡುಕಬೇಕಾದ ಸ್ಥಳಗಳು ನಾಲ್ಕು. ಮೊದಲನೆಯದು, ಕಾರ್ಡು ಕೊಟ್ಟ ಬ್ಯಾಂಕು. ತನ್ನ ಕಾರ್ಡಿಗೆ ಯಾವ ಯಾವ ವ್ಯಾಪಾರಿಗಳಲ್ಲಿ ಟೋಕನ್ ಇದೆ ಎಂಬ ಪಟ್ಟಿಯನ್ನು ಗ್ರಾಹಕನು ನೋಡುವುದಕ್ಕೂ, ಬೇಡವಾದುದನ್ನು ರದ್ದು ಮಾಡುವುದಕ್ಕೂ ಬ್ಯಾಂಕು ಅನುಕೂಲ ಒದಗಿಸಬೇಕೆಂಬುದು 2021ರ ಸುತ್ತೋಲೆಯ ಮಾತು. ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿನ ವಿಭಾಗವನ್ನು ತೆರೆದು ಟೋಕನ್ ಎಂಬ ಹೆಸರನ್ನು ಹುಡುಕಿರಿ. ಕಾಣದಿದ್ದರೆ ಶಾಖೆಯಲ್ಲಿ ಕೇಳಿರಿ. ಇದು ಉಪಕಾರವಲ್ಲ, ನಿಮ್ಮ ಹಕ್ಕು. ಎರಡನೆಯದು, ಅದೇ ಆ್ಯಪಿನಲ್ಲಿ ಸಾಮಾನ್ಯವಾಗಿ ಬೇರೆಯಾಗಿಯೇ ಇರುವ ನಿಂತ ಆದೇಶಗಳ ಪಟ್ಟಿ. ಚಂದಾಗಳು ಇರುವುದು ಇಲ್ಲಿ. ಯುಪಿಐ ಬಳಸುವವರು 2020ರ ಜುಲೈಯಲ್ಲಿ ಬಂದ ಆಟೋಪೇ ಸೌಲಭ್ಯದ ಪಟ್ಟಿಯನ್ನೂ ತಮ್ಮ ಯುಪಿಐ ಆ್ಯಪಿನಲ್ಲಿ ನೋಡಬೇಕು. ಮೂರನೆಯದು, ಅಂಗಡಿಗಳಲ್ಲಿರುವ ನಿಮ್ಮ ಖಾತೆಗಳು. ಒಂದೊಂದರಲ್ಲಿಯೂ ಹಣ ಸಂದಾಯದ ವಿಧಾನಗಳು ಎಂಬ ಪುಟವಿರುತ್ತದೆ. ನಾಲ್ಕನೆಯದು, ನಿಮ್ಮ ಮೊಬೈಲು ಮತ್ತು ಗಣಕ. ಬ್ರೌಸರು ತಾನೇ ಕಾರ್ಡನ್ನು ನೆನಪಿಟ್ಟುಕೊಳ್ಳಬಲ್ಲುದು. ಕಾಲೇಜಿನ ಅಥವಾ ಗೆಳೆಯನ ಗಣಕದಲ್ಲಿ ಹಾಗೆ ನೆನಪಿಟ್ಟುಕೊಂಡಿದ್ದರೆ ಅದನ್ನು ಮೊದಲು ಅಳಿಸಬೇಕು.

ಎಷ್ಟು ಹುಡುಕಿದರೂ ಮರೆತುಹೋದ ಖಾತೆಗಳು ಇದ್ದೇ ಇರುತ್ತವೆ. ಅವುಗಳ ಪತ್ತೆಗೆ ಬ್ಯಾಂಕಿನ ಹಿಂದಿನ ಹನ್ನೆರಡು ತಿಂಗಳ ಲೆಕ್ಕದ ಪಟ್ಟಿಯನ್ನು ಸಾಲು ಸಾಲಾಗಿ ಓದುವುದೇ ದಾರಿ. ಹನ್ನೆರಡು ಏಕೆಂದರೆ ವರ್ಷಕ್ಕೊಮ್ಮೆ ಮಾತ್ರ ಹಣ ಕೇಳುವ ಚಂದಾಗಳೂ ಉಂಟು. ಮೂರು ತಿಂಗಳನ್ನು ನೋಡಿ ಬಿಟ್ಟರೆ ಅವು ಕಣ್ಣಿಗೆ ಬೀಳುವುದಿಲ್ಲ.

ಕೆಲವು ತಪ್ಪು ತಿಳಿವಳಿಕೆಗಳನ್ನು ಇಲ್ಲಿಯೇ ನಿವಾರಿಸುವುದು ಒಳ್ಳೆಯದು. ಮೊಬೈಲಿನಿಂದ ಆ್ಯಪನ್ನು ತೆಗೆದುಹಾಕಿದರೆ ಅದರಲ್ಲಿ ಉಳಿಸಿದ ಕಾರ್ಡು ಅಳಿಯುವುದಿಲ್ಲ. ಅಂಗಡಿಗೆ ಹೋಗುವುದನ್ನು ಬಿಟ್ಟರೆ ಉದ್ದರಿ ಪುಸ್ತಕದ ಪುಟ ಹರಿದುಹೋಗದಂತೆ ಅದು ಅಲ್ಲಿಯೇ ಇರುತ್ತದೆ. ಕಾರ್ಡನ್ನು ತೆಗೆದ ಮಾತ್ರಕ್ಕೆ ಚಂದಾ ನಿಂತಿತೆಂದೂ ತಿಳಿಯಬಾರದು. ಮೊದಲು ಚಂದಾವನ್ನು ನಿಲ್ಲಿಸಿ, ನಿಂತಿತೆಂಬ ಉತ್ತರವನ್ನು ಇಟ್ಟುಕೊಂಡು, ಆಮೇಲೆ ಕಾರ್ಡನ್ನು ತೆಗೆಯಬೇಕು. ಕಾರ್ಡಿನ ಅವಧಿ ಮುಗಿದು ಹೊಸದು ಬಂದಾಗ ಹಳೆಯ ಅಂಗಡಿಗಳಿಗೆ ಅದನ್ನು ಜೋಡಿಸುವ ಮೊದಲು ಬ್ಯಾಂಕು ನಿಮ್ಮ ಸ್ಪಷ್ಟವಾದ ಒಪ್ಪಿಗೆಯನ್ನು ಕೇಳಬೇಕೆಂಬ ನಿಯಮವಿದೆ. ಆಗ ಎಲ್ಲಕ್ಕೂ ಹೂಂ ಎನ್ನದೆ ಒಂದೊಂದನ್ನೂ ಆರಿಸಿರಿ; ಹಳೆಯ ಕೊಳೆ ಕಳೆಯಲು ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಅಂತರ್ಜಾಲದ ವ್ಯವಹಾರ, ಹೊರದೇಶದ ವ್ಯವಹಾರ ಇವನ್ನು ಬೇಕೆಂದಾಗ ತೆರೆದು ಬೇಡವೆಂದಾಗ ಮುಚ್ಚುವ, ಮಿತಿಯನ್ನು ಗೊತ್ತುಮಾಡುವ ಸೌಲಭ್ಯವನ್ನೂ ರಿಸರ್ವ್ ಬ್ಯಾಂಕಿನ 2020ರ ಆಜ್ಞೆ ಗ್ರಾಹಕನ ಕೈಗೆ ಕೊಟ್ಟಿದೆ. ನಿಮ್ಮದಲ್ಲದ ವ್ಯವಹಾರ ಲೆಕ್ಕದಲ್ಲಿ ಕಂಡರೆ ಬ್ಯಾಂಕಿಗೆ ಒಡನೆಯೇ ತಿಳಿಸಿ ಕಾರ್ಡನ್ನು ನಿಲ್ಲಿಸಿರಿ. ಮೋಸವೆಂದು ತೋರಿದರೆ 1930 ಎಂಬ ಸಂಖ್ಯೆಗೆ ಕರೆ ಮಾಡಿರಿ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಫಲವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಹೊರೆಯೆಲ್ಲವನ್ನೂ ಗ್ರಾಹಕನ ತಲೆಯ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವುದು ಸರಿಯಲ್ಲ ಎಂಬುದೇ ನಮ್ಮ ಅಭಿಪ್ರಾಯ. ಪಟ್ಟಿ ಬ್ಯಾಂಕಿನಲ್ಲಿ ಇದೆ. ಆದರೆ ಹುಡುಕಿಕೊಂಡು ಬಂದವನಿಗೆ ಮಾತ್ರ ಅದು ಕಾಣುತ್ತದೆ. ಪಟ್ಟಿ ಇದೆ ಎಂಬುದೇ ತಿಳಿಯದವನು ಹುಡುಕಿಕೊಂಡು ಬರುವುದು ಹೇಗೆ? ತಿಂಗಳಿಗೊಮ್ಮೆ ಲೆಕ್ಕದ ಪಟ್ಟಿಯನ್ನು ಕಳಿಸುವ ಬ್ಯಾಂಕು ಅದರ ಕೊನೆಯಲ್ಲಿ ಟೋಕನ್‌ಗಳನ್ನೂ ನಿಂತ ಆದೇಶಗಳನ್ನೂ, ಪ್ರತಿಯೊಂದನ್ನೂ ಕಡೆಯದಾಗಿ ಬಳಸಿದ ದಿನಾಂಕದೊಡನೆ, ಕೇಳದೆಯೇ ಅಚ್ಚು ಹಾಕಿ ಕಳಿಸಲಿ. ಗ್ರಾಹಕ ಬಯಸಿದರೆ ಅದು ಕನ್ನಡದಲ್ಲಿರಲಿ. ಒಂದು ವರ್ಷ ಬಳಕೆಯಾಗದೆ ಬಿದ್ದಿರುವ ಟೋಕನ್ ತಾನಾಗಿಯೇ ರದ್ದಾಗಲಿ; ಬೇಕಾದವನು ಮತ್ತೆ ಪಡೆದುಕೊಳ್ಳಲಿ. ಟೋಕನ್ ಮಾಡಿಸುವುದಕ್ಕೆ ಗ್ರಾಹಕನು ಏನನ್ನೂ ತೆರಬೇಕಾಗಿಲ್ಲವಾದುದರಿಂದ ಇದರಿಂದ ಅವನಿಗೆ ನಷ್ಟವಿಲ್ಲ. ಬ್ಯಾಂಕಿನ ಗಣಕಗಳಿಗೆ ಇದು ದೊಡ್ಡ ಕೆಲಸವೇನೂ ಅಲ್ಲ. ವಿವರಗಳು ಅವುಗಳಲ್ಲಿ ಈಗಾಗಲೇ ಇವೆ. ತಂತ್ರದ ಅಡ್ಡಿ ಇಲ್ಲದೆಡೆಯಲ್ಲಿ ಕೊರತೆ ಮನಸ್ಸಿನದು ಎನ್ನಬೇಕಾಗುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ಕಡೆಯದಾಗಿ ಒಂದು ಮಾತು. ಅನೇಕ ಮನೆಗಳಲ್ಲಿ ತಂದೆತಾಯಿಯರ ಕಾರ್ಡನ್ನು ಅಂಗಡಿಯ ಖಾತೆಗೆ ಜೋಡಿಸಿದ ಕೈ ನಿಮ್ಮದು. ಅವರಿಗೆ ಬಾರದ ಆ ವಿದ್ಯೆ ನಿಮಗೆ ಬರುತ್ತದೆಂದೇ ಅವರು ಕಾರ್ಡನ್ನೂ ಒಟಿಪಿಯನ್ನೂ ನಿಮ್ಮನ್ನು ನಂಬಿ ಕೊಟ್ಟರು. ಜೋಡಿಸಲು ಬಲ್ಲವರಿಗೆ ಬಿಡಿಸುವ ಹೊಣೆಯೂ ಇದೆ. ಈ ತಿಂಗಳ ಒಂದು ಭಾನುವಾರ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೇಲೆ ಹೇಳಿದ ನಾಲ್ಕು ಸ್ಥಳಗಳನ್ನು ನೋಡಿ, ಒಂದು ಹಾಳೆಯಲ್ಲಿ ಪಟ್ಟಿ ಮಾಡಿರಿ: ಅಂಗಡಿಯ ಹೆಸರು, ಯಾರ ಕಾರ್ಡು, ಯಾವ ಕೆಲಸಕ್ಕೆ, ಇರಬೇಕೆ ಬೇಡವೆ. ಕಾರ್ಡಿನ ಸಂಖ್ಯೆಯನ್ನು ಮಾತ್ರ ಅದರಲ್ಲಿ ಬರೆಯಬೇಡಿರಿ. ಆ ಹಾಳೆಯನ್ನು ಪೆಟ್ಟಿಗೆಯಲ್ಲಿ ಮನೆಯ ಉಳಿದ ಲೆಕ್ಕಪತ್ರಗಳ ಜೊತೆಗೆ ಇಡಿರಿ. ಮುಂದಿನ ವರ್ಷ ಅದನ್ನು ತೆಗೆದು ನೋಡಿದಾಗ, ನಮ್ಮ ಹಣವನ್ನು ಕೇಳುವ ಹಕ್ಕನ್ನು ಯಾರು ಯಾರಿಗೆ ಕೊಟ್ಟಿದ್ದೇವೆಂದು ನಿಮ್ಮ ಮನೆಯವರೂ ಬೆರಳು ಮಡಿಸಿ ಹೇಳಬಲ್ಲರು.